ಬೀದಿ ಬಾಲಕರ ಬಂಧು ಡಾನ್ ಬೋಸ್ಕೊ

ಪ್ರತಿ ವರ್ಷ ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ಈ ಹೆಸರು ನಮ್ಮ ಕುಟುಂಬಗಳಿಗೆ ಹೊಸದೇನಲ್ಲ. ಶಾಲೆಗಳ ಫಲಕಗಳಲ್ಲಿ, ತಾಂತ್ರಿಕ ತರಬೇತಿ ಕೇಂದ್ರಗಳ ಬಾಗಿಲುಗಳಲ್ಲಿ ಅದನ್ನು ಓದುತ್ತಲೇ ಇರುತ್ತೇವೆ. ಇಟಲಿಯಲ್ಲಿ ಗುರುಗಳನ್ನು ಗೌರವದಿಂದ ಕರೆಯುವ ಪದವೇ ‘ಡಾನ್’. ಆದರೆ ಫಲಕದ ಮೇಲಿನ ಹೆಸರು ಪರಿಚಿತವಾದಷ್ಟೂ ಅದರ ಹಿಂದಿನ ಮನುಷ್ಯನು ಮರೆಯಾಗುವುದುಂಟು. ಆ ಮನುಷ್ಯನನ್ನು ಅರಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಟ್ಯೂರಿನ್ ನಗರದ ಕೊಳಕು ಓಣಿಗಳಿಗೆ ನಾವು ಹೋಗಬೇಕಾಗುತ್ತದೆ.

1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಪೀಡ್ಮಾಂಟ್ ಸೀಮೆಯ ಬೆಕ್ಕಿ ಎಂಬ ಸಣ್ಣ ಕೊಪ್ಪಲಿನ ರೈತ ಕುಟುಂಬದಲ್ಲಿ ಜಾನ್ ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀತ ಅಕ್ಷರ ಬಾರದವರು. ಅತ್ತೆಯನ್ನೂ ಮೂವರು ಗಂಡುಮಕ್ಕಳನ್ನೂ ದುಡಿದು ಸಾಕಿದರು. ಹಿರಿಯವನಾದ ಅಂತೋನಿಯೊ ಪತಿಯ ಮೊದಲ ಮದುವೆಯ ಮಗ. ಪುಸ್ತಕ ಹಿಡಿಯುವ ತಮ್ಮನನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಮನೆಯ ಜಗಳ ಮಿತಿಮೀರಿದಾಗ ಹನ್ನೆರಡರ ಪ್ರಾಯದ ಜಾನ್‌ನನ್ನು ತಾಯಿಯೇ ಬೇರೊಬ್ಬರ ಹೊಲಮನೆಗೆ ಆಳಾಗಿ ಕಳುಹಿಸಬೇಕಾಯಿತು. ಮನೆಯಿಂದ ಹೊರಬಿದ್ದ ಬಾಲಕನ ಸ್ಥಿತಿ ಎಂತಹುದೆಂಬುದನ್ನು ಅವರು ಗುರುಮಠದಲ್ಲಿ ಕಲಿತದ್ದಲ್ಲ. ಓದಿನ ಖರ್ಚಿಗಾಗಿ ಅವರು ದರ್ಜಿಯ ಬಳಿ ಹೊಲಿದರು, ಕಾಫಿ ಅಂಗಡಿಯಲ್ಲಿ ದುಡಿದರು. ಅದಕ್ಕೂ ಮೊದಲೇ, ಜಾತ್ರೆಯ ದೊಂಬರನ್ನು ನೋಡಿ ಹಗ್ಗದ ಮೇಲೆ ನಡೆಯುವುದನ್ನೂ ಕೈಚಳಕವನ್ನೂ ಕಲಿತು ಊರ ಮಕ್ಕಳ ಮುಂದೆ ಪ್ರದರ್ಶಿಸುತ್ತಿದ್ದರು. ನೋಡಬಂದವರು ಜಪಸರ ಪ್ರಾರ್ಥನೆಗೆ ಕೂರಬೇಕು, ಅದೇ ಟಿಕೆಟು.

1841ರ ಜೂನ್ 5ರಂದು ಗುರುದೀಕ್ಷೆ ಪಡೆದು ಅವರು ಟ್ಯೂರಿನ್‌ನಲ್ಲಿ ಉನ್ನತ ಅಧ್ಯಯನಕ್ಕೆ ನಿಂತರು. ನಗರ ಆಗ ಬೆಳೆಯುತ್ತಿತ್ತು. ಬೆಟ್ಟದ ಹಳ್ಳಿಗಳಿಂದ ಗಾರೆ ಕೆಲಸಕ್ಕೆ, ಕಲ್ಲು ಹೊರಲು, ಹೊಗೆಗೂಡು ಗುಡಿಸಲು ಬಾಲಕರು ಗುಂಪುಗುಂಪಾಗಿ ಬರುತ್ತಿದ್ದರು. ವಾರವೆಲ್ಲ ಕತ್ತೆದುಡಿತ, ಭಾನುವಾರ ಜೂಜು, ಹೊಡೆದಾಟ, ಕಳ್ಳತನ. ಅವರ ಮಾರ್ಗದರ್ಶಕರಾದ ಸಂತ ಜೋಸೆಫ್ ಕಫಾಸ್ಸೊರವರು ಅವರನ್ನು ಸೆರೆಮನೆಗಳಿಗೆ ಕರೆದೊಯ್ದರು. ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗರು ಅಲ್ಲಿ ಹೇನು ಹತ್ತಿ, ಹಸಿದು ಬಿದ್ದಿದ್ದರು. ಅದಕ್ಕಿಂತಲೂ ಡಾನ್ ಬೋಸ್ಕೊರವರನ್ನು ಕಲಕಿದ್ದು ಮತ್ತೊಂದು ಸಂಗತಿ. ಒಳ್ಳೆಯವರಾಗಿ ಬಾಳುವ ನಿರ್ಧಾರದಿಂದ ಬಿಡುಗಡೆಯಾದವರೇ ಕೆಲವೇ ದಿನಗಳಲ್ಲಿ ಮರಳಿ ಬರುತ್ತಿದ್ದರು. ಸೆರೆಮನೆಯ ಬಾಗಿಲಾಚೆ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. ಹೊರಗೆ ಒಬ್ಬನಾದರೂ ಸ್ನೇಹಿತನಿದ್ದಿದ್ದರೆ ಎಂಬ ಯೋಚನೆ ಅವರ ಬದುಕಿಡೀ ಅವರನ್ನು ಬಿಡಲಿಲ್ಲ.

ಅದೇ ವರ್ಷದ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಸಂತ ಫ್ರಾನ್ಸಿಸ್ ಅಸ್ಸಿಸಿಯವರ ದೇವಾಲಯದಲ್ಲಿ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ ಗಾರೆ ಕೆಲಸದ ಹುಡುಗನೊಬ್ಬನು ಒಳಗೆ ಇಣುಕಿದನು. ಹೆಸರು ಬಾರ್ತೊಲೊಮೆಯೊ ಗರೆಲ್ಲಿ. ಪೂಜೆಗೆ ಸಹಾಯ ಮಾಡಲು ಬಾರದೆಂದಾಗ ದೇವಾಲಯದ ಪರಿಚಾರಕನು ಕೋಲೆತ್ತಿಕೊಂಡು ಅವನನ್ನು ಹೊಡೆದು ಓಡಿಸಿದನು. ಆ ಹುಡುಗ ತಮ್ಮ ಸ್ನೇಹಿತನೆಂದು ಹೇಳಿ ಡಾನ್ ಬೋಸ್ಕೊ ಅವನನ್ನು ಮರಳಿ ಕರೆಸಿದರು. ವಿಚಾರಿಸಿದಾಗ ತಂದೆತಾಯಿ ಇಲ್ಲ, ವಯಸ್ಸು ಹದಿನಾರು, ಓದು ಬರಹವಿಲ್ಲ, ಹಾಡಲೂ ಬಾರದು. ಕೊನೆಗೆ, ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದರು. ಹುಡುಗ ನಕ್ಕನು. ಅಂದೇ ‘ನಮೋ ಮರಿಯ’ ಪ್ರಾರ್ಥನೆಯಿಂದ ಪಾಠ ಆರಂಭವಾಯಿತು. ಮುಂದಿನ ಭಾನುವಾರ ಅವನು ಜೊತೆಗಾರರೊಂದಿಗೆ ಬಂದನು. ಅರಿವು ಮೊದಲು, ಪ್ರೀತಿ ಆಮೇಲೆ ಎಂಬ ಕ್ರಮವನ್ನು ತತ್ತ್ವಶಾಸ್ತ್ರದ ತರಗತಿಗಳಲ್ಲಿ ನಾವು ಕಲಿತಿದ್ದೇವೆ. ಗರೆಲ್ಲಿಯ ವಿಷಯದಲ್ಲಿ ಕ್ರಮ ತಿರುವುಮುರುವಾಯಿತು. ತನ್ನನ್ನು ಇಷ್ಟಪಡುವವರು ಇದ್ದಾರೆಂದು ತಿಳಿದ ಮೇಲೆಯೇ ಅವನು ಕಲಿಯಲು ಬಾಯಿ ತೆರೆದನು.

ಗುಂಪು ನೂರಾರಾಯಿತು. ಅದರೊಡನೆ ಗದ್ದಲವೂ ಬೆಳೆಯಿತು. ಸ್ಮಶಾನದ ಪ್ರಾರ್ಥನಾಲಯ, ಹಿಟ್ಟಿನ ಗಿರಣಿಗಳ ಅಂಗಳ, ಬಾಡಿಗೆ ಕೋಣೆಗಳು, ಬಯಲು ಹುಲ್ಲುಗಾವಲು ಹೀಗೆ ಎರಡು ವರ್ಷ ಎಲ್ಲಿ ಹೋದರೂ ಓಡಿಸಿದರು. ನೆರೆಯವರ ದೂರಿನಲ್ಲಿ ಸುಳ್ಳೇನೂ ಇರಲಿಲ್ಲವೆಂದು ಒಪ್ಪಬೇಕು. ಮುನ್ನೂರು ಹುಡುಗರ ಭಾನುವಾರವನ್ನು ನಮ್ಮಲ್ಲಿ ಎಷ್ಟು ಬೀದಿಗಳು ಸಹಿಸಿಯಾವು? ನಗರದ ಆಡಳಿತಾಧಿಕಾರಿಗೆ ದಂಗೆಯ ಭಯ. ಅವರಿಗೆ ಸಂಬಳದ ಕೆಲಸ ಕೊಟ್ಟಿದ್ದ ಧರ್ಮಿಷ್ಠೆ ಬರೋಲೊ ಸಂಸ್ಥಾನದ ಒಡತಿಯು ಅವರ ಆರೋಗ್ಯಕ್ಕಾಗಿ ಮರುಗಿ, ಕೆಲಸ ಅಥವಾ ಹುಡುಗರು, ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕೆಂದರು. ಅವರು ಹುಡುಗರನ್ನು ಆರಿಸಿಕೊಂಡರು. ಗುರುಬಂಧುಗಳಿಗೂ ಅವರ ತಲೆ ಕೆಟ್ಟಿದೆಯೆಂಬ ಅನುಮಾನ. ಇಬ್ಬರು ಗುರುಗಳು ಅವರನ್ನು ಹುಚ್ಚರ ಆಸ್ಪತ್ರೆಗೆ ಸಾಗಿಸಲು ಬಂಡಿ ತಂದಾಗ, ಅವರು ವಿನಯದಿಂದ ಆ ಇಬ್ಬರನ್ನೇ ಮೊದಲು ಹತ್ತಿಸಿ, ಬಾಗಿಲು ಮುಚ್ಚಿ, ಬಂಡಿಯವನಿಗೆ ಹೊರಡಲು ಹೇಳಿದರೆಂಬ ಕಥೆ ಪ್ರಸಿದ್ಧವಾಗಿದೆ. 1846ರ ಏಪ್ರಿಲ್ 12ರ ಪಾಸ್ಖ ಹಬ್ಬದಂದು, ಹೆಂಡದಂಗಡಿಗಳ ನಡುವಿನ ವಲ್ದೊಕ್ಕೊ ಬಡಾವಣೆಯಲ್ಲಿ, ತಗ್ಗು ಮಾಡಿನ ಒಂದು ಕೊಟ್ಟಿಗೆ ಬಾಡಿಗೆಗೆ ಸಿಕ್ಕಿತು. ನೆಲೆ ಸಿಕ್ಕ ಮೂರು ತಿಂಗಳಿಗೆ ಅವರು ಸಾವಿನ ಅಂಚಿಗೆ ಹೋದರು. ಇಟ್ಟಿಗೆ ಹೊರುವ ಹುಡುಗರು ಉಪವಾಸವಿದ್ದು, ಸರದಿಯಲ್ಲಿ ಪ್ರಾರ್ಥಿಸಿದರು.

ಗುಣಮುಖರಾಗಿ ಮರಳುವಾಗ ತಾಯಿಯನ್ನೂ ಕರೆತಂದರು. ಐವತ್ತೆಂಟರ ಮಾರ್ಗರೀತಮ್ಮ ತಮ್ಮ ಮನೆ, ಮೊಮ್ಮಕ್ಕಳನ್ನು ಬಿಟ್ಟು ಈ ಕೇರಿಗೆ ಬಂದರು. ಮದುವೆಯ ಬಟ್ಟೆ ಒಡವೆಗಳು ಖರ್ಚಿಗೆ ಕರಗಿದವು. ಮೊದಮೊದಲು ರಾತ್ರಿ ಆಶ್ರಯ ಪಡೆದ ಹುಡುಗರು ಬೆಳಗಾಗುವಷ್ಟರಲ್ಲಿ ಕಂಬಳಿಗಳೊಡನೆ ಪರಾರಿಯಾದರು. ಆದರೂ 1847ರ ಮೇ ತಿಂಗಳ ಮಳೆಯ ರಾತ್ರಿ ಅನಾಥನೊಬ್ಬನು ನೆನೆದು ಬಾಗಿಲಿಗೆ ಬಂದಾಗ ಅಡುಗೆ ಮನೆಯಲ್ಲೇ ಹಾಸಿಗೆ ಹಾಸಿದರು. ವರ್ಷಗಳು ಕಳೆದು, ಕೈಯಾರೆ ಬೆಳೆಸಿದ ತರಕಾರಿ ಪಾತಿಯನ್ನು ಹುಡುಗರು ಯುದ್ಧದಾಟದಲ್ಲಿ ತುಳಿದು ಹಾಕಿದ ದಿನ ಆ ತಾಯಿಯ ತಾಳ್ಮೆ ಮುಗಿಯಿತು. ಊರಿಗೆ ಹೊರಟು ನಿಂತರು. ಮಗ ಮಾತಾಡಲಿಲ್ಲ. ಗೋಡೆಯ ಶಿಲುಬೆಯ ಕಡೆ ಕೈತೋರಿದರು. ಆಕೆ ಉಳಿದರು, 1856ರ ನವೆಂಬರ್ 25ರಂದು ಅಲ್ಲಿಯೇ ಮಡಿದರು. ಆ ಸಂಸ್ಥೆಯ ಅರ್ಧ ಪುಣ್ಯ ಆಕೆಯದೆಂಬುದು ನಮ್ಮ ಅಭಿಪ್ರಾಯ.

ಪ್ರಾರ್ಥನೆ ಕಲಿಸಿ ಕಳುಹಿಸಿದರೆ ಸಾಲದೆಂಬ ಲೋಕಜ್ಞಾನ ಡಾನ್ ಬೋಸ್ಕೊರಲ್ಲಿತ್ತು. 1852ರಲ್ಲಿ ಬಡಗಿಯೊಬ್ಬನೊಂದಿಗೆ ಮಾಡಿಸಿದ ಛಾಪಾ ಕಾಗದದ ಕರಾರು ಉಳಿದು ಬಂದಿದೆ. ಹುಡುಗನಿಗೆ ಕಸುಬನ್ನೇ ಕಲಿಸಬೇಕು, ಬೇರೆ ಚಾಕರಿ ಮಾಡಿಸಕೂಡದು. ಮಾತಿನಿಂದ ತಿದ್ದಬೇಕು, ಹೊಡೆಯಕೂಡದು. ಹಬ್ಬದ ದಿನ ಬಿಡುವು ಕೊಡಬೇಕು. 1853ರಿಂದ ಚಮ್ಮಾರಿಕೆ, ಹೊಲಿಗೆ, ಪುಸ್ತಕ ಕಟ್ಟುವುದು, ಬಡಗಿ ಕೆಲಸ, ಮುದ್ರಣ ಇವುಗಳ ಕಾರ್ಯಾಗಾರಗಳು ವಲ್ದೊಕ್ಕೊದಲ್ಲಿಯೇ ತೆರೆದವು.

1857ರ ಶರತ್ಕಾಲದ ಒಂದು ಸಂಜೆ ಕಾರ್ಮಞೋಲ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಿದ್ದಾಗ, ಮಂಜಿನಲ್ಲಿ ಹುಡುಗರ ಕೂಗಾಟ ಕೇಳಿಸಿತು. ಒಂದು ದನಿ ಎಲ್ಲರಿಗೂ ಅಪ್ಪಣೆ ಕೊಡುತ್ತಿತ್ತು. ಅವರು ನಡುವೆ ನುಗ್ಗಿದಾಗ ಉಳಿದವರು ಚದುರಿದರು. ಒಬ್ಬನು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತನು. ತಂದೆಯಿಲ್ಲದ ಮಿಕೇಲೆ ಮಗೋನೆ. ತನ್ನ ಕಸುಬು ಏನೂ ಮಾಡದಿರುವುದೇ ಎಂದನು. ಶಾಲೆಗೆ ಪೀಡೆಯಾಗಿದ್ದ ಅವನನ್ನು ಟ್ಯೂರಿನ್ನಿಗೆ ಕರೆಸಿಕೊಂಡರು. ಆಟದಲ್ಲಿ ಅವನು ಎಲ್ಲರಿಗಿಂತ ಮುಂದು. ಒಂದು ತಿಂಗಳಾಗುವಷ್ಟರಲ್ಲಿ ಮಂಕಾಗಿ ಮೂಲೆ ಸೇರಿದನು. ಬೈಯದೆ, ಒತ್ತಾಯಿಸದೆ ಅವರು ಕಾದರು. ಪಾಪನಿವೇದನೆ ಮಾಡಿ ಎದ್ದ ಹುಡುಗ ಮತ್ತೆ ಹಗುರಾದನು. 1859ರ ಜನವರಿ 21ರಂದು, ಹದಿಮೂರರ ಪ್ರಾಯದಲ್ಲಿ ಕಾಯಿಲೆಯಿಂದ ತೀರಿಕೊಂಡನು. ನಿಲ್ದಾಣದ ಈ ಪೋಕರಿಯ ಜೀವನವನ್ನು ಡಾನ್ ಬೋಸ್ಕೊ 1861ರಲ್ಲಿ ತಾವೇ ಪುಸ್ತಕವಾಗಿ ಬರೆದರು.

ದಂಡನೆಯ ಬದಲು ವಿವೇಕ, ಧರ್ಮ, ವಾತ್ಸಲ್ಯಗಳ ಮೇಲೆ ನಿಂತ ಶಿಕ್ಷಣಕ್ರಮವನ್ನು 1877ರಲ್ಲಿ ಅವರು ಕಿರುಹೊತ್ತಗೆಯಾಗಿ ಬರೆದರು. 1884ರ ಮೇ ತಿಂಗಳಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ ತಮ್ಮವರನ್ನೇ ಕಟುವಾಗಿ ವಿಮರ್ಶಿಸಿದ್ದಾರೆ. ಹುಡುಗರನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರಿಗೆ ತಿಳಿಯುವಂತಿರಬೇಕು. ಗುರುಗಳು ಆಟದ ಬಯಲಿನಿಂದ ದೂರ ಸರಿದಿರುವುದೇ ಮನೆ ತಣ್ಣಗಾಗಲು ಕಾರಣವೆಂಬುದು ಅದರ ಸಾರ. ಮನೆಯಲ್ಲಿ ಮಕ್ಕಳಿಗಾಗಿ ದುಡಿದು ದಣಿಯುವ ನಮ್ಮ ತಂದೆತಾಯಿಯರೂ ಆ ಪತ್ರವನ್ನು ಒಮ್ಮೆ ಓದಬಹುದು.

1859ರಲ್ಲಿ ಸಲೇಸಿಯನ್ ಸಭೆ, 1872ರಲ್ಲಿ ಸಂತ ಮರಿಯ ಮಜ್ಜರೆಲ್ಲೊರವರೊಡನೆ ಕನ್ಯಾಸ್ತ್ರೀಯರ ಸಭೆ ಆರಂಭವಾದವು. 1888ರ ಜನವರಿ 31ರ ನಸುಕಿನಲ್ಲಿ ಡಾನ್ ಬೋಸ್ಕೊ ದೈವಾಧೀನರಾದರು. 1934ರ ಪಾಸ್ಖ ಹಬ್ಬದಂದು ಸಂತ ಪದವಿ ದೊರೆಯಿತು. ಸಲೇಸಿಯನ್ ಗುರುಗಳು ಭಾರತಕ್ಕೆ 1906ರಲ್ಲಿ ತಂಜಾವೂರಿಗೆ ಬಂದರು. 1980ರಲ್ಲಿ ಬೆಂಗಳೂರಿನ ಸಲೇಸಿಯನ್ ವಿದ್ಯಾರ್ಥಿಗಳು ಬೀದಿಯಲ್ಲಿ ಬದುಕುವ ಹುಡುಗರ ಸ್ನೇಹ ಬೆಳೆಸಿದರು. ಅದರಿಂದ ಹುಟ್ಟಿದ ಸಂಸ್ಥೆಗೆ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಎಂದು ಅಚ್ಚಗನ್ನಡದ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಅದನ್ನು ಚುಟುಕಾಗಿ ಬರೆದರೆ ‘ಬೋಸ್ಕೊ’ ಎಂದೇ ಆಗುತ್ತದೆ.