ದೂರದರ್ಶಿ ಜಮ್‌ಷೇಡ್‌ಜಿ ಟಾಟಾ

ಒಕ್ಕಲಿಗನು ಹೊಲದ ಗುಣವನ್ನರಿತು ಬಿತ್ತುತ್ತಾನೆ. ಕಾರ್ಖಾನೆಯನ್ನು ಕಟ್ಟುವವನಿಗೂ ಇದೇ ವಿವೇಕ ಬೇಕು. ಈ ತತ್ತ್ವವನ್ನು ಬಾಳಿನಲ್ಲಿ ಆಚರಿಸಿ ತೋರಿಸಿದ ಮಹನೀಯರು ಜಮ್‌ಷೇಡ್‌ಜಿ ನಸರ್‌ವಾನ್‌ಜಿ ಟಾಟಾ ಅವರು.

ಗುಜರಾತಿನ ನವಸಾರಿಯ ಪಾರಸಿ ಪುರೋಹಿತ ಮನೆತನದಲ್ಲಿ 1839ರ ಮಾರ್ಚ್ 3ರಂದು ಜನಿಸಿದ ಅವರು, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ತಂದೆಯ ವ್ಯಾಪಾರವನ್ನು ಸೇರಿದರು. ಹತ್ತಿಯ ಗಿರಣಿಗೆ ಮುಂಬಯಿಯೇ ತಕ್ಕ ಸ್ಥಳವೆಂದು ಎಲ್ಲರೂ ಭಾವಿಸಿದ್ದ ಕಾಲದಲ್ಲಿ ಅವರು ದೂರದ ನಾಗಪುರವನ್ನು ಆರಿಸಿಕೊಂಡರು. ಅಲ್ಲಿ ಹತ್ತಿ ಬೆಳೆಯುವ ಸೀಮೆ ಸುತ್ತಲೂ ಇತ್ತು. ವರೋರಾದ ಕಲ್ಲಿದ್ದಲೂ ರೈಲುಮಾರ್ಗವೂ ಒದಗುವಂತಿದ್ದವು. ನಿಲ್ದಾಣದ ಬಳಿ ಅಗ್ಗವಾಗಿ ದೊರೆತ ಜೌಗುನೆಲವನ್ನು ಕೊಂಡು ಮಣ್ಣು ತುಂಬಿಸತೊಡಗಿದಾಗ, ಹೊನ್ನನ್ನು ಮಣ್ಣುಪಾಲು ಮಾಡುವವರಿಗೆ ಹಣ ಕೊಡಲಾರೆನೆಂದು ಸಾಹುಕಾರನೊಬ್ಬ ನಿರಾಕರಿಸಿದನಂತೆ. ಮುಂದೆ ಗಿರಣಿಯ ಏಳಿಗೆಯನ್ನು ಕಂಡು, ಟಾಟಾ ಅವರು ಮಣ್ಣು ಹಾಕಿ ಹೊನ್ನು ತೆಗೆದರೆಂದು ಅವನೇ ಒಪ್ಪಿಕೊಂಡನೆಂದು ಪ್ರತೀತಿ. 1877ರ ಜನವರಿ 1ರಂದು ಎಂಪ್ರೆಸ್ ಗಿರಣಿ ಆರಂಭವಾಯಿತು. ಗಾಳಿಗೆ ತೇವವೂಡುವ ಯಂತ್ರಗಳನ್ನೂ ಬೆಂಕಿಯಾರಿಸುವ ನೀರಿನ ಕೊಳವೆಗಳನ್ನೂ ಅವರು ಅಲ್ಲಿ ಅಳವಡಿಸಿದರು. 1886ರಲ್ಲಿ ಕೆಲಸಗಾರರಿಗೆ ನಿವೃತ್ತಿವೇತನದ ನಿಧಿಯನ್ನೂ ಏರ್ಪಡಿಸಿದರು.

ಭಾರತದಲ್ಲಿ ಉಕ್ಕಿನ ಕಾರ್ಖಾನೆಯೊಂದನ್ನು ಕಟ್ಟುವುದು ಅವರ ಹಿರಿಯ ಹಂಬಲವಾಗಿತ್ತು. ಅದರ ನೆಲೆ ಇನ್ನೂ ನಿಶ್ಚಯವಾಗದಿದ್ದ 1902ರಲ್ಲಿಯೇ ಮಗ ದೊರಾಬ್‌ಜಿಗೆ ಪತ್ರ ಬರೆದು, ಕಾರ್ಮಿಕರ ಊರಿನಲ್ಲಿ ಅಗಲವಾದ ಬೀದಿಗಳು, ನೆರಳಿನ ಮರಗಳು, ಉದ್ಯಾನಗಳು, ಆಟದ ಬಯಲುಗಳು ಮತ್ತು ಎಲ್ಲ ಮತದವರ ಪೂಜಾಸ್ಥಾನಗಳು ಇರಬೇಕೆಂದು ವಿಧಿಸಿದರು. ಕುಲುಮೆಗೆ ಜಾಗ ಗೊತ್ತುಮಾಡುವ ಮೊದಲೇ ಕುಲುಮೆಯ ಮುಂದೆ ಬೆವರು ಸುರಿಸುವವನಿಗೆ ನೆರಳನ್ನು ಗೊತ್ತುಮಾಡಿದ ದೊಡ್ಡ ಮನಸ್ಸು ಅದು. 1904ರ ಮೇ 19ರಂದು ಜರ್ಮನಿಯಲ್ಲಿ ಅವರು ಕಾಲವಶರಾದರು.

ಮಕ್ಕಳೂ ಸಹೋದ್ಯೋಗಿಗಳೂ ಕೈಬಿಡಲಿಲ್ಲ. ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳ ಸಂಗಮದ ಬಳಿಯ ಸಾಕ್ಚಿ ಗ್ರಾಮವನ್ನು ಆರಿಸಿದರು. ನದಿಗಳ ನೀರು, ಗೋರುಮಹಿಸಾನಿಯ ಅದಿರು, ಝರಿಯಾದ ಕಲ್ಲಿದ್ದಲು, ಕಾಲಿಮಾಟಿಯ ರೈಲು ನಿಲ್ದಾಣ ಇವೆಲ್ಲವೂ ಅಲ್ಲಿ ಕೂಡಿಬಂದವು. 1912ರಲ್ಲಿ ಉಕ್ಕು ಹೊರಬಂದಿತು. 1919ರಲ್ಲಿ ಆ ಊರು ಜಮ್‌ಷೇಡ್‌ಪುರವಾಯಿತು. ಅವರ ದಾನಸಂಕಲ್ಪದಿಂದ ಮೊಳೆತು, ಮೈಸೂರು ಅರಸರು ನೀಡಿದ ಭೂಮಿಯಲ್ಲಿ 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿಜ್ಞಾನ ಸಂಸ್ಥೆಯನ್ನೂ ಅವರು ಕಣ್ಣಾರೆ ಕಾಣಲಿಲ್ಲ.

ತಾನು ಉಣ್ಣದ ಫಲಕ್ಕಾಗಿ ಸಸಿ ನೆಡುವವನ ದುಡಿಮೆಯಲ್ಲಿ ಕಾಯಕವೂ ದಾಸೋಹವೂ ಒಂದಾಗುತ್ತವೆ. ಜಮ್‌ಷೇಡ್‌ಜಿಯವರ ಚರಿತ್ರೆಯಿಂದ ವಿದ್ಯಾರ್ಥಿಗಳು ಕಲಿಯಬೇಕಾದ ಪಾಠವೂ ಇದೇ ಆಗಿದೆ.