ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು: ಚಿಕಿತ್ಸೆಯೂ ಸಂಯಮವೂ

ದಕ್ಷಿಣದ ಶ್ರಾವಕ ಮನೆತನಗಳಲ್ಲಿ ಪರಮಪೂಜ್ಯ ಶಾಂತಿಸಾಗರ ಮಹಾರಾಜರ ಹೆಸರನ್ನು ಅರಿಯದವರು ವಿರಳ. ಆದರೆ ಅವರು 1955ರ ಚಾತುರ್ಮಾಸದಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನಾವ್ರತವನ್ನು ಸ್ವೀಕರಿಸಿದುದು ಯಾವ ಕಾರಣಕ್ಕಾಗಿ ಎಂದು ಕೇಳಿದರೆ, ವಯೋವೃದ್ಧರಾಗಿದ್ದರು ಎಂಬಷ್ಟಕ್ಕೇ ಹಲವರ ಉತ್ತರ ನಿಂತುಬಿಡುತ್ತದೆ. ಕಾರಣವು ಕಣ್ಣು. ಎಂಬತ್ತಮೂರನೆಯ ವಯಸ್ಸಿನಲ್ಲಿ ಅವರ ದೃಷ್ಟಿ ಮಂದವಾಗುತ್ತ ಬಂದಿತ್ತು. ಕಣ್ಣಿಗೆ ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಯೆಂಬುದು ಇದ್ದ ಕಾಲದಲ್ಲಿಯೇ ಅವರು ಆ ದಾರಿಯನ್ನು ಹಿಡಿಯದೆ ಬೇರೊಂದು ದಾರಿಯನ್ನು ಹಿಡಿದರು. ಅದು ಶಾಸ್ತ್ರಸಮ್ಮತವಾಗಿತ್ತೇ ಎಂಬುದು ವ್ರತನಿಷ್ಠರಾದ ಎಲ್ಲರೂ ವಿಚಾರಿಸತಕ್ಕ ವಿಷಯ.

ಮಹಾರಾಜರು ಜನಿಸಿದುದು 1872ರಲ್ಲಿ, ತಾಯಿಯ ತವರಾದ ಯಳಗೂಡ ಗ್ರಾಮದಲ್ಲಿ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಮನೆತನದ ಊರು ಬೆಳಗಾವಿ ಜಿಲ್ಲೆಯ ಭೋಜ. ವೇದಗಂಗಾ ದೂಧಗಂಗಾ ನದಿಗಳು ಕೂಡುವ ಸ್ಥಳ. ಬಾಲಕನಿಗೆ ಸಾತಗೌಡನೆಂದು ಹೆಸರಿಟ್ಟರು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿ ವಿವಾಹವಾಯಿತು; ಕೆಲವೇ ತಿಂಗಳುಗಳಲ್ಲಿ ಆ ಬಾಲವಧು ತೀರಿಕೊಂಡಳು. ಮುಂದೆ ಮತ್ತೆ ವಿವಾಹದ ಮಾತು ಬಂದಾಗ ಸಾತಗೌಡರು ಒಪ್ಪಲಿಲ್ಲ. ಮುನಿಯಾಗುವ ಹಂಬಲವಿದ್ದರೂ ತಂದೆತಾಯಿಗಳು ಇರುವವರೆಗೆ ಮನೆಯನ್ನು ಬಿಡಲಿಲ್ಲ. ತಂದೆಯವರು ಹದಿನಾರು ವರ್ಷಗಳ ಕಾಲ ಏಕಭುಕ್ತ ನಿಯಮವನ್ನು ನಡೆಸಿದವರೆಂದು ಜೀವನಚರಿತ್ರೆಗಳು ಹೇಳುತ್ತವೆ. ಉಪವಾಸವು ಆ ಮನೆಯಲ್ಲಿ ಹೊಸದಾಗಿ ಕಲಿಯಬೇಕಾದ ಪಾಠವಾಗಿರಲಿಲ್ಲ.

ಸಾತಗೌಡರದು ಬಲಿಷ್ಠವಾದ ಶರೀರ. ಭೋಜಕ್ಕೆ ಆದಿಸಾಗರ ಮುನಿಗಳು ಬಂದಾಗ ಅವರನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು ನದಿಯನ್ನು ದಾಟಿಸುತ್ತಿದ್ದರೆಂಬುದು ಆ ಭಾಗದಲ್ಲಿ ಇಂದಿಗೂ ಹೇಳುವ ಮಾತು. ಶರೀರವೆಂದರೆ ಧರ್ಮಕ್ಕೆ ಸಾಧನವಾಗುವ ವಸ್ತುವೆಂಬ ತಿಳಿವಳಿಕೆ ಅವರಿಗೆ ಗ್ರಂಥದಿಂದ ಬಂದುದಕ್ಕಿಂತ ಮೊದಲೇ ಹೆಗಲಿನಿಂದ ಬಂದಿತ್ತು.

ಮಾತಾಪಿತೃಗಳ ಅವಸಾನದ ತರುವಾಯ ಉತ್ತೂರಿನಲ್ಲಿ ಕ್ಷುಲ್ಲಕ ದೀಕ್ಷೆ, ಗಿರನಾರದಲ್ಲಿ ಐಲಕಪದ, 1920ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ದೀಕ್ಷೆ, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ. ದಿಗಂಬರ ಮುನಿಗಳ ದರ್ಶನವೇ ದುರ್ಲಭವಾಗಿದ್ದ ಕಾಲವದು. ಸಂಘಸಮೇತರಾಗಿ 1927ರಲ್ಲಿ ಉತ್ತರಾಭಿಮುಖವಾಗಿ ಹೊರಟು ಮರುವರ್ಷ ಸಮ್ಮೇದಶಿಖರಜಿಯನ್ನು ತಲುಪಿದರು. ಆ ವಿಹಾರದ ಕಥನವನ್ನು ಇಲ್ಲಿ ವಿಸ್ತರಿಸಲು ಎಡೆಯಿಲ್ಲ.

ಅವರ ಉಪವಾಸಗಳ ವಿಷಯವನ್ನು ಮಾತ್ರ ಬಿಡಲಾಗದು. ಮುನಿಜೀವನದ ಮೂವತ್ತೈದು ವರ್ಷಗಳಲ್ಲಿ ನಿರಾಹಾರವಾಗಿ ಕಳೆದ ದಿನಗಳು 9000ಕ್ಕೂ ಮಿಕ್ಕಿವೆಯೆಂದು ಗಣನೆಯಿದೆ. 1234 ಉಪವಾಸಗಳ ಚಾರಿತ್ರಶುದ್ಧಿ ವ್ರತ, 720 ಉಪವಾಸಗಳ ತೀಸ ಚೌಬೀಸಿ ವ್ರತ, ಸಿಂಹನಿಷ್ಕ್ರೀಡಿತ, ಕರ್ಮದಹನ ಇವೆಲ್ಲ ಅದರಲ್ಲಿ ಸೇರಿವೆ. 1947ರ ಮುಂಬಯಿ ಪ್ರಾಂತದ ದೇವಾಲಯ ಪ್ರವೇಶ ಕಾಯಿದೆಯು ಜೈನ ಮಂದಿರಗಳಿಗೂ ಅನ್ವಯಿಸುವುದೇ ಎಂಬ ವಿವಾದವೆದ್ದಾಗ 1948ರಲ್ಲಿ ಧಾನ್ಯಾಹಾರವನ್ನು ತ್ಯಜಿಸಿ, 1951ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪು ಬರುವವರೆಗೆ ಮೂರು ವರ್ಷಗಳ ಕಾಲ ಧಾನ್ಯವನ್ನು ಮುಟ್ಟಲಿಲ್ಲ. ಆ ವಿವಾದದ ಗುಣದೋಷಗಳ ವಿಮರ್ಶೆ ಬೇರೆ ವಿಷಯ. ಎಪ್ಪತ್ತಾರರ ವೃದ್ಧರೊಬ್ಬರು ಅಂಥ ನಿಯಮವನ್ನು ಹಿಡಿದು ಅಷ್ಟು ಕಾಲ ಸಾಗಿಸಿದರೆಂಬುದು ಮಾತ್ರ ಇಲ್ಲಿ ಗಮನಾರ್ಹ. ಹಸಿವು ಅವರನ್ನು ಎಂದೂ ಅಂಜಿಸಿರಲಿಲ್ಲ. ದೃಷ್ಟಿಮಾಂದ್ಯವು ಒಡ್ಡಿದ ಸಮಸ್ಯೆ ಬೇರೆ ಬಗೆಯದು.

ಗೃಹಸ್ಥನಿಗೆ ಕಣ್ಣು ಮಂಜಾದರೆ ಕೈಹಿಡಿದು ನಡೆಸುವವರಿರುತ್ತಾರೆ. ಮುನಿಗೆ ಹಾಗಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಜೀವಜಂತುಗಳನ್ನು ಉಳಿಸಿಕೊಂಡು ಹೆಜ್ಜೆಯಿಡುವುದು ಈರ್ಯಾಸಮಿತಿ. ನಿಂತು, ಅಂಜಲಿಯಲ್ಲಿ ಬಿದ್ದ ತುತ್ತನ್ನು ಶೋಧಿಸಿ ಸ್ವೀಕರಿಸುವುದು ಏಷಣಾಸಮಿತಿ. ಪಿಂಛಿ ಕಮಂಡಲುಗಳನ್ನು ಎತ್ತುವಾಗಲೂ ಇಡುವಾಗಲೂ ಸ್ಥಳವನ್ನು ನೋಡಿ ಪರಿಮಾರ್ಜಿಸಬೇಕು. ಇಪ್ಪತ್ತೆಂಟು ಮೂಲಗುಣಗಳಲ್ಲಿ ಇವು ಸೇರಿವೆ. ಇನ್ನೊಬ್ಬನ ಕಣ್ಣಿನಿಂದ ಇವನ್ನು ಪಾಲಿಸಿದೆನೆಂದು ಹೇಳಿಕೊಳ್ಳುವುದು ಅಹಿಂಸಾ ಮಹಾವ್ರತಕ್ಕೆ ಒಪ್ಪತಕ್ಕುದಲ್ಲ.

ಹಾಗಾದರೆ ಚಿಕಿತ್ಸೆ ಮಾಡಿಸಿಕೊಳ್ಳಬಾರದಿತ್ತೇ? ಈ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಹೇಳಿದ ನಿಮಿತ್ತಗಳು ನಾಲ್ಕು: ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಇವು ಪ್ರತೀಕಾರವಿಲ್ಲದವುಗಳಾಗಿರಬೇಕೆಂಬುದು ಅಲ್ಲಿನ ಮುಖ್ಯ ವಿಶೇಷಣ. ಇದಕ್ಕೆ ಪೂರಕವಾಗಿ ಆ ಆಚಾರ್ಯರ ಜೀವನದಲ್ಲಿಯೇ ಒಂದು ಪ್ರಸಂಗವಿದೆ. ದೇವಚಂದ್ರನ ರಾಜಾವಳಿ ಕಥೆಯ ಪ್ರಕಾರ, ಭಸ್ಮಕವ್ಯಾಧಿಯಿಂದ ಪೀಡಿತರಾದ ಸಮಂತಭದ್ರರು ಗುರುಗಳಲ್ಲಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ವ್ಯಾಧಿಯು ಶಮನವಾಗತಕ್ಕದ್ದು, ಶಿಷ್ಯನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆ ಎಂದರಿತು, ದೀಕ್ಷೆಯನ್ನು ತ್ಯಜಿಸಿಯಾದರೂ ರೋಗವನ್ನು ನೀಗಿಕೊಂಡು ಬರುವಂತೆ ಕಳುಹಿಸಿದರು. ಸಾಯುವ ಹಕ್ಕೆಂಬ ಹೆಸರಿನಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಅನ್ನವನ್ನು ಬಿಡಬಹುದೆಂದು ನಮ್ಮ ಪರಂಪರೆ ಹೇಳಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ರೋಗಿಯಾದ ಮುನಿಯ ವೈಯಾವೃತ್ಯವು ತಪಸ್ಸು. ಕಣ್ಣಿಗೆ ಪೊರೆ ಬಂದ ಶ್ರಾವಕನು ಮಹಾರಾಜರ ದೃಷ್ಟಾಂತವನ್ನು ಮುಂದುಮಾಡಿ ಆಸ್ಪತ್ರೆಗೆ ಹೋಗಲೊಲ್ಲೆನೆಂದು ಹಟ ಹಿಡಿಯುವುದು ಶುದ್ಧ ಅವಿವೇಕ.

ಮಹಾರಾಜರ ಸ್ಥಿತಿ ಬೇರೆ. ಸಮಂತಭದ್ರರು ದೀಕ್ಷೆಯನ್ನು ಬಿಟ್ಟು ಮತ್ತೆ ಪಡೆಯುವಷ್ಟು ಆಯುಷ್ಯವುಳ್ಳವರು, ಇವರು ಎಂಬತ್ತಮೂರರವರು. ದಿನಕ್ಕೊಮ್ಮೆ ಆಹಾರದೊಡನೆ ದೊರೆತ ಶುದ್ಧ ಔಷಧವನ್ನಷ್ಟೇ ಸ್ವೀಕರಿಸಬಲ್ಲ ಮುನಿಗೆ ಆಸ್ಪತ್ರೆಯ ವಾಸ, ಹೊತ್ತುಹೊತ್ತಿಗೆ ಹಾಕುವ ಮದ್ದು, ಕಾಲನಿಯಮವಿಲ್ಲದ ಪಥ್ಯ ಇವೆಲ್ಲ ವ್ರತಭಂಗವೇ. ಕಣ್ಣನ್ನು ಉಳಿಸಿಕೊಳ್ಳಲು ವ್ರತವನ್ನು ಕಳೆದುಕೊಳ್ಳಬೇಕಾಗಿದ್ದರೆ, ಆ ವ್ರತಕ್ಕಾಗಿಯೇ ಕಣ್ಣು ಬೇಕಾಗಿದ್ದವರಿಗೆ ಆ ಚಿಕಿತ್ಸೆಯಿಂದ ಲಾಭವೇನು? ವೈದ್ಯರ ದೃಷ್ಟಿಯಲ್ಲಿ ಪ್ರತೀಕಾರವುಳ್ಳ ರೋಗವು ಮಹಾವ್ರತಿಯ ಪಾಲಿಗೆ ನಿಷ್ಪ್ರತೀಕಾರವಾಗುವುದು ಹೀಗೆ. ಮುಪ್ಪೂ ಜೊತೆಗಿತ್ತು. ಆದ್ದರಿಂದ ಅವರ ನಿರ್ಣಯ ಶಾಸ್ತ್ರಕ್ಕೆ ಹೊರತಾದುದಲ್ಲ.

ಲೌಕಿಕ ನ್ಯಾಯವು ಈ ಸೂಕ್ಷ್ಮದ ಬಳಿಗೆ ಬರಲು ಬಹಳ ಕಾಲ ಹಿಡಿಯಿತು. ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಂಥಾರಾವ್ರತವನ್ನು ಆತ್ಮಹತ್ಯೆಯೊಡನೆ ಎಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. 2018ರ ಮಾರ್ಚ್ 9ರಂದು ಸಂವಿಧಾನ ಪೀಠವು, ಬೇರೊಂದು ಪ್ರಕರಣದಲ್ಲಿ, ಬುದ್ಧಿ ಸ್ವಸ್ಥವಿರುವ ಪ್ರೌಢ ವ್ಯಕ್ತಿಯು ತನಗೆ ಬೇಡವಾದ ಚಿಕಿತ್ಸೆಯನ್ನು ನಿರಾಕರಿಸಬಹುದೆಂದು ಒಪ್ಪಿತು. ಚಿಕಿತ್ಸೆಯ ನಿರಾಕರಣವೂ ಸಲ್ಲೇಖನೆಯೂ ಒಂದೇ ಅಲ್ಲ. ಮೊದಲನೆಯದು ಹಕ್ಕು; ಎರಡನೆಯದು ವ್ರತ, ಅದಕ್ಕೆ ಅಧಿಕಾರಿ ಯಾರೆಂಬ ಪರೀಕ್ಷೆಯಿದೆ.

ಕುಂಥಲಗಿರಿಯು ಕುಲಭೂಷಣ ದೇಶಭೂಷಣ ಮುನಿಗಳ ಮುಕ್ತಿಸ್ಥಾನ. ಆಗ ಹೈದರಾಬಾದ್ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿತ್ತು. 1955ರ ಆಗಸ್ಟ್ 14ರಿಂದ ಮಹಾರಾಜರ ಸಲ್ಲೇಖನೆಯ ದಿನಗಳನ್ನು ಎಣಿಸುತ್ತಾರೆ. ಮೊದಲು ಅವಧಿಯನ್ನು ಗೊತ್ತುಮಾಡಿಕೊಂಡ ನಿಯಮ ಸಲ್ಲೇಖನೆ. ಶಕ್ತಿಯನ್ನೂ ಪರಿಣಾಮವನ್ನೂ ಪರೀಕ್ಷಿಸಿಕೊಂಡ ಬಳಿಕ ಯಾವಜ್ಜೀವದ ಯಮ ಸಲ್ಲೇಖನೆ. ನೀರಿಗೆ ಅವಕಾಶವನ್ನು ಇಟ್ಟುಕೊಂಡಿದ್ದರೂ ಕೆಲವೇ ದಿನ ಸ್ವೀಕರಿಸಿ, ಸೆಪ್ಟೆಂಬರ್ ಮೊದಲ ವಾರದ ತರುವಾಯ ಅದನ್ನೂ ಬಿಟ್ಟರು. ಆಗಸ್ಟ್ ತಿಂಗಳಿನಲ್ಲಿಯೇ ಆಚಾರ್ಯಪದವನ್ನು ತ್ಯಜಿಸಿ, ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮುನಿಗಳಿಗೆ ಅದನ್ನು ವಹಿಸಿ ಸಂದೇಶ ಕಳುಹಿಸಿದರು. ಶರೀರಕ್ಕಿಂತ ಮೊದಲು ಅಧಿಕಾರವನ್ನು ಬಿಟ್ಟರೆಂಬುದನ್ನು ಗಮನಿಸಬೇಕು.

ಸುದ್ದಿ ಹರಡಿದಂತೆ ಆ ಸಣ್ಣ ಬೆಟ್ಟದ ಊರಿಗೆ ಜನಸಾಗರವೇ ಹರಿದುಬಂತು. ಸೆಪ್ಟೆಂಬರ್ 8ರಂದು, ಉಪವಾಸದ ಇಪ್ಪತ್ತಾರನೆಯ ದಿನ, ಅವರು ಮರಾಠಿಯಲ್ಲಿ ಕೊನೆಯ ಉಪದೇಶವಿತ್ತರು, ಅದನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಸಂಯಮಕ್ಕೆ ಹೆದರಬಾರದು, ಪ್ರತಿದಿನ ಸ್ವಲ್ಪ ಹೊತ್ತಾದರೂ ಆತ್ಮಚಿಂತನೆ ಮಾಡಬೇಕು ಎಂಬುದು ಅದರ ತಿರುಳು. ಕಣ್ಣಿನ ವಿಷಯವಾಗಿ ಮರುಕದ ಮಾತು ಅದರಲ್ಲಿ ಇಲ್ಲ.

1955ರ ಸೆಪ್ಟೆಂಬರ್ 18, ನಿಜ ಭಾದ್ರಪದ ಶುಕ್ಲ ಬಿದಿಗೆ, ಭಾನುವಾರ. ಬೆಳಿಗ್ಗೆ 6 ಗಂಟೆ 50 ನಿಮಿಷಕ್ಕೆ ಮಹಾರಾಜರು ದೇಹವನ್ನು ಬಿಟ್ಟರು. ಅದು ಮೂವತ್ತಾರನೆಯ ದಿನ. ದಶಲಕ್ಷಣ ಪರ್ವದ ಪಂಚಮಿಗೆ ಇನ್ನು ಮೂರು ತಿಥಿಗಳಿದ್ದವು.