ಸರಪಳಿ ಹಿಡಿದು ನಡೆದ ಲ್ಯಾಂಬ್ಟನ್

ನಮ್ಮ ಪೆರುಂಗುಡಿಯ ದಕ್ಷಿಣಕ್ಕೆ ಪೆರುಂಬಾಕ್ಕದ ಗುಡ್ಡವಿದೆ. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಸೇನಾಧಿಕಾರಿಯು ಪರಂಗಿಮಲೆಯ ಬಳಿಯಿಂದ ಈ ಗುಡ್ಡದ ಕಡೆಗೆ ನೆಲವನ್ನಳೆಯುತ್ತ ಹೊರಟನು. ಏಳೂವರೆ ಮೈಲಿ ನಡೆಯಲು ನಮಗೆ ಒಂದು ಬೆಳಗು ಸಾಕು; ಆತನಿಗೆ 57 ದಿನಗಳು ಬೇಕಾದುವು. ನೂರು ಅಡಿಯ ಉಕ್ಕಿನ ಸರಪಳಿಯನ್ನು ನಾನೂರು ಬಾರಿ ಹಾಸಬೇಕಾಗಿತ್ತು. ಬೇಸಗೆಯ ಬಿಸಿಲಿಗೆ ಉಕ್ಕು ಹಿಗ್ಗುವುದಷ್ಟೆ! ಸರಪಳಿಗೆ ನೆರಳು ಕಟ್ಟಿ, ಉಷ್ಣಮಾಪಕವನ್ನಿಟ್ಟು, ಆ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ಹಿಡಿದನು.

ಯಾರ್ಕ್‌ಶೈರಿನಲ್ಲಿ ಹುಟ್ಟಿದ ಈತನು 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ದಂಡಿನೊಡನೆ ಬಂದವನು. ಅದನ್ನು ನಾವು ಮರೆಯಲಾರೆವು. ಈ ಅಳತೆಯೂ ಕಂಪೆನಿಯ ಆಳ್ವಿಕೆಗೆ ಒದಗಿತು. ಆದರೂ ಆತನ ಶ್ರಮವು ಸಾಮಾನ್ಯವಾದುದಲ್ಲ. ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳನ್ನು ಹೆಣೆಯುತ್ತ, ಬೆಂಗಳೂರಿನ ಸೀಮೆಯನ್ನು ಹಾದು, ಮಂಗಳೂರಿನ ಕಡಲವರೆಗೂ ಅಳೆದನು. 400 ಮೈಲಿಯೆಂದು ನಂಬಿದ್ದ ನಾಡಿನ ಅಗಲವು ಸುಮಾರು 360 ಮೈಲಿಯೆಂದು ತಿಳಿಯಿತು. ಊರಿನ ದೂರವನ್ನು ರಜೆಯ ದಿನಗಳಿಂದ ಎಣಿಸುವ ನಮ್ಮಂಥ ವಲಸಿಗರಿಗೆ ಈ ನಲವತ್ತು ಮೈಲಿಯ ಲಾಭವು ಕಿರಿದೇನೂ ಅಲ್ಲ.

1808ರಲ್ಲಿ ತಂಜಾವೂರಿನ ದೇಗುಲದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು, ಅರ್ಧ ಟನ್ ತೂಕದ ಕೋನಮಾಪಕವು ಜಖಂಗೊಂಡಿತು. ಲ್ಯಾಂಬ್ಟನ್ ಯಾರನ್ನೂ ದೂರದೆ ಡೇರೆಯೊಳಗೆ ಕುಳಿತು, ವಾರಗಟ್ಟಲೆ ದುಡಿದು ತಾನೇ ಅದನ್ನು ಸರಿಪಡಿಸಿದನು. ಮತ್ತೆ ಉತ್ತರಕ್ಕೆ ನಡೆದನು. 1823ರ ಜನವರಿಯಲ್ಲಿ, ನಾಗಪುರದ ಹಾದಿಯಲ್ಲಿರುವ ಹಿಂಗನಘಾಟಿನಲ್ಲಿ, ಅಳತೆಯು ಮುಗಿಯುವ ಮುನ್ನವೇ ತೀರಿಕೊಂಡನು. ಆತನ ಸಮಾಧಿಯು ಅಲ್ಲಿಯೇ ಇದೆ.